ಸಾಹಿತಿಗಳು ಬಂದರು, ಎಮ್ಮೆಗಳೂ ಬಂದವು

ಧಾರವಾಡದಲ್ಲಿ ಬಿ.ಎ. ಮುಗಿಸಿದ ಹೆಣ್ಣುಮಗಳೊಬ್ಬಳು ಸಿಂದಗಿಗೆ ಸೊಸೆಯಾಗಿ ಬಂದರೆ ಊರಿಗೆ ಏನೇನು ಸಂಕಟ ಒದಗಬಹುದೆಂದು ಆಗ ಯಾರೂ ಯೋಚಿಸಿರಲಿಲ್ಲ. ನಾನಂತೂ ಯೋಚಿಸಿರಲೇ ಇಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಮ್ಮವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಬೆಳಿಗ್ಗೆ ಅವರು ಸೈಕಲ್ ಏರಿ ಹೋದರೆಂದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ನಾನು, ನನ್ನ ಬಿ.ಎ. ಮತ್ತು ಒಂದು ಸೀಮೆಎಣ್ಣೆ ಸ್ಟೋ. ಇವುಗಳಲ್ಲಿ ದಿನವೂ ಉಪಯೋಗಕ್ಕೆ ಬರುತ್ತಿದ್ದದ್ದು ಸ್ಟೋ ಒಂದೇ!

ಹಾಗಾಗಿ ಓಣಿಯವರೆಲ್ಲ ಸೇರಿ ಒಂದು ವಾಚನಾಲಯ ತೆರೆದಾಗ, ಮಕ್ಕಳ ವಿಭಾಗವನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಏಳುವ ಮೊದಲೇ ನಾನು ಎದ್ದು ನಿಂತಿದ್ದೆ.

“ಮಕ್ಕಳ ಅಭಿರುಚಿ ತಿದ್ದಬೇಕಾಗ್ಯದ,” ಎಂದು ಊಟಕ್ಕೆ ಕೂತ ನಮ್ಮವರ ಮುಂದೆ ಘೋಷಿಸಿದೆ.

ಅವರು ಭಕ್ಕರಿ ಮುರಿಯುತ್ತ, “ಮೊದಲ ಅವಕ್ಕ ಅಭಿರುಚಿ ಏನದ ಅಂತ ಕೇಳು. ಆಮ್ಯಾಲ ತಿದ್ದೀಯಂತ,” ಎಂದರು.

ಗಣಿತದವರಿಗೆ ಸಾಹಿತ್ಯದ ಸೂಕ್ಷ್ಮ ತಿಳಿಯುವುದಿಲ್ಲವೆಂದುಕೊಂಡು ಪಲ್ಯ ಬಡಿಸಿದೆ.

ವಾಚನಾಲಯವೆಂದರೆ ಬಸಲಿಂಗಪ್ಪನವರ ಅಂಗಡಿಗೆ ಹೊಂದಿಕೊಂಡ ಒಂದು ಖೋಲಿ. ಅವರದು ದನಕರುಗಳಿಗೆ ಹಾಕುವ ಹಿಂಡಿ, ಹತ್ತಿಕಾಳಿನ ವ್ಯಾಪಾರ. ಅಷ್ಟು ದಿನ ಆ ಖೋಲಿಯಲ್ಲಿ ಶೇಂಗಾ ಹಿಂಡಿಯ ಚೀಲಗಳಿದ್ದವು. ಚೀಲ ಹೋಗಿ ಕಪಾಟು ಬಂದರೂ ವಾಸನೆ ಮಾತ್ರ ಹೋಗಲಿಲ್ಲ. ಯಾವ ಪುಸ್ತಕ ತೆರೆದರೂ ಮೊದಲು ಹಿಂಡಿಯ ಘಮ, ಆಮೇಲೆ ಅಕ್ಷರ. ಈಗಲೂ ಎಲ್ಲಾದರೂ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಗೋಡೆಗೆ ಆತು ಕೂತು ಏನನ್ನಾದರೂ ಓದಬೇಕೆನಿಸುತ್ತದೆ. ಸಂಜೆ ಸಾಲಿ ಬಿಟ್ಟಕೂಡಲೇ ಮಕ್ಕಳು ಪಾಟಿಚೀಲ ಮನೆಗೆಸೆದು ಓಡಿ ಬರುತ್ತಿದ್ದರು. ಗೋಣಿತಟ್ಟಿನ ಮೇಲೆ ಒತ್ತೊತ್ತಾಗಿ ಕೂರುತ್ತಿದ್ದರು. ಯಾರದೋ ಜೇಬಿನ ಪುಟಾಣಿ ಎಲ್ಲರ ಬಾಯಿಗೂ ಸಂಚರಿಸುತ್ತಿತ್ತು. ನನ್ನನ್ನು ಅವರು ‘ಅಕ್ಕಾರ’ ಎಂದು ಕರೆದಾಗಲೆಲ್ಲ ನನಗೆ ಒಂದು ವಿಶ್ವವಿದ್ಯಾಲಯವನ್ನೇ ನಡೆಸುತ್ತಿದ್ದ ಭಾವನೆ!

ನಾನು ಅವರಿಗಾಗಿ ಆರಿಸಿದ್ದು ‘ಸದ್ಗುಣಿ ಶ್ರೀಧರ’ ಎಂಬ ಕಥಾಮಾಲೆ. ಧಾರವಾಡದ ಹಿರಿಯ ಸಾಹಿತಿಗಳೊಬ್ಬರು ಬರೆದದ್ದು. ಈ ಶ್ರೀಧರ ಕೋಳಿಗಿಂತ ಮೊದಲು ಏಳುವ ಹುಡುಗ. ಎದ್ದು ತಂದೆತಾಯಿಗೆ ನಮಸ್ಕರಿಸುತ್ತಾನೆ. ಬಿದ್ದ ಚೀಲ ಸಿಕ್ಕರೆ ಒಡೆಯನಿಗೆ ಮುಟ್ಟಿಸುತ್ತಾನೆ. ಮಾವಿನ ತೋಪಿನಲ್ಲಿ ಹಾದುಹೋಗುವಾಗ ತಲೆ ಕೂಡ ಎತ್ತುವುದಿಲ್ಲ.

“ಅಕ್ಕಾರ, ಇಂವಾ ಮುಂದಿನ ಪುಸ್ತಕದಾಗೂ ಹಿಂಗs ಇರ್ತಾನೇನ್ರಿ?” ಎಂದು ಕೇಳಿದವಳು ಗಂಗಿ. ಪಕ್ಕದ ಮನೆಯ ನೀಲವ್ವನ ಮಗಳು. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್, ಇಡೀ ಓಣಿಗೆ ಕೇಳುವ ಗಂಟಲು.

“ಹೌದು. ಸದ್ಗುಣ ಅಂದ್ರ ಬದಲಾಗೂದಿಲ್ಲ.”

“ಹಂಗಾರ ಒಂದ ಓದಿದ್ರ ಸಾಕಲ್ರಿ!”

ಹಾಗೆಂದು ಆಕೆ ಕಪಾಟಿನ ಕೆಳಗಿನ ಅರೆಗೆ ಕೈಹಾಕಿ ಎಂದಿನಂತೆ ‘ಎಮ್ಮಿ ಪುಸ್ತಕ’ ಎಳೆದಳು. ಉಳಿದವರು ಆಕೆಯನ್ನು ಮುತ್ತಿದರು.

ಈ ಎಮ್ಮೆ ಪುಸ್ತಕ ನನ್ನ ಸಾಹಿತ್ಯ ಸೇವೆಗೆ ಅಂಟಿದ ಪೀಡೆ. ಯಾರೋ ದಾನ ಕೊಟ್ಟ ಹಳೆ ಪುಸ್ತಕಗಳ ಗಂಟಿನಲ್ಲಿ ಬಂದದ್ದು. ರಟ್ಟು ಹರಿದು ಬರೆದವರ ಹೆಸರು ಹೋಗಿತ್ತು. ಎಮ್ಮೆಗೆ ಬರುವ ಬೇನೆಗಳು, ಅವುಗಳ ಲಕ್ಷಣ, ಉಪಚಾರ, ಇಷ್ಟೇ ವಿಷಯ. ಆದರೆ ನಮ್ಮಲ್ಲಿ ಬಣ್ಣದ ಚಿತ್ರಗಳಿದ್ದ ಪುಸ್ತಕ ಅದೊಂದೇ! ಎಮ್ಮೆಯ ಹೊಟ್ಟೆಯೊಳಗಿನ ನಾಲ್ಕು ಚೀಲಗಳು ಕೆಂಪು, ಹಳದಿ, ಹಸಿರು, ನೀಲಿ ಬಣ್ಣದಲ್ಲಿ ಥಳಥಳಿಸುತ್ತಿದ್ದವು. ಗಂಗಿ ಗಟ್ಟಿಯಾಗಿ ಓದುತ್ತಿದ್ದಳು: “ಎಡಹೊಟ್ಟೆಯು ಉಬ್ಬತೊಡಗುತ್ತದೆ. ಪಶುವು ನರಳುತ್ತದೆ. ಕೂಡಲೇ ಉಪಚರಿಸದಿದ್ದರೆ...” ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಅದನ್ನು ಅವರು ಎಷ್ಟು ಸಲ ಓದಿದ್ದರೆಂದರೆ, ಕಿವಿ ಮುಚ್ಚಿಕೊಂಡರೂ ಅದು ನನಗೆ ಕೇಳಿಸುತ್ತಿತ್ತು.

ಹೀಗಿರುವಾಗ ಒಂದು ದಿನ ಬಸಲಿಂಗಪ್ಪನವರು ಬಾಗಿಲಲ್ಲಿ ನಿಂತರು. “ವೈನಿ, ಸುಗ್ಗಿ ಬಂತ್ರಿ. ಮಾಲು ಇಡಾಕ ಜಾಗಾ ಇಲ್ಲ. ಖೋಲಿ ಬೇಕಾಗೇತಿ,” ಎಂದರು.

ನಾನು ಕಪಾಟಿಗೆ ಅಡ್ಡ ನಿಂತೆ. “ಅದ್ಹೆಂಗ್ರಿ? ಮಕ್ಕಳು ಓದ್ಲಿಕ್ಕತ್ತಾರ!”

“ಏನ ಓದತಾವ್ರಿ? ಬರೇ ಎಮ್ಮಿ ಎಮ್ಮಿ ಅಂತ ಕೇಳತೈತಿ. ಅಂಗಡ್ಯಾಗ ಕೂತು ನಾನೂ ದಿನಾ ಅದನ್ನs ಮಾತಾಡ್ತೇನಿ. ಅದಕ್ಕ ವಾಚನಾಲಯ ಯಾಕ ಬೇಕ್ರಿ?”

ಆಗ ನನ್ನ ಬಾಯಿಂದ ಹೊರಟಿತು: “ನೋಡ್ತಿರ್ರಿ, ಧಾರವಾಡದ ದೊಡ್ಡ ಸಾಹಿತಿಗಳು ಈ ಮಕ್ಕಳನ್ನ ನೋಡ್ಲಿಕ್ಕೆ ಬರ್ತಾರ!”

ಬಸಲಿಂಗಪ್ಪನವರು ವ್ಯವಹಾರಸ್ಥರು. “ಅಂಥವರು ಬಂದು ನಾಕು ಮಂದಿ ಮುಂದ ಇದು ಛಲೋ ಐತಿ ಅಂದ್ರ ಖೋಲಿ ನಿಮ್ಮದು. ಇಲ್ಲಂದ್ರ ಮರುದಿನ ಚೀಲ ಇಳಸ್ತೇನಿ,” ಎಂದು ಹೋದರು.

ಅದೃಷ್ಟಕ್ಕೆ ಸದ್ಗುಣಿ ಶ್ರೀಧರನನ್ನು ಬರೆದ ಸಾಹಿತಿಗಳು ಮಗಳ ಮನೆಗೆಂದು ವಿಜಾಪುರಕ್ಕೆ ಬಂದಿದ್ದರು. ಬಸ್ಸಿನಲ್ಲಿ ಸಿಂದಗಿ ಎಷ್ಟು ದೂರ? ಕರೆದೆ. ಒಪ್ಪಿದರು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ನನಗೆ ಪ್ರಜಾಪ್ರಭುತ್ವದ ಹುಮ್ಮಸ್ಸು! ಮಕ್ಕಳನ್ನು ಕೂಡಿಸಿ, “ನಿಮಗ ಯಾವ ಪುಸ್ತಕ ಭಾಳ ಸೇರ್ತದ ಹೇಳ್ರಿ. ಅದನ್ನ ಬರದವರನ್ನs ಕರಸ್ತೇನಿ,” ಎಂದೆ. ಎಲ್ಲರೂ ಶ್ರೀಧರನ ಹೆಸರು ಹೇಳುತ್ತಾರೆ, ಸಭೆಯಲ್ಲಿ ಅದನ್ನು ಸಾಹಿತಿಗಳಿಗೆ ತಿಳಿಸಿದರೆ ಅವರು ಕರಗಿ ಹೋಗುತ್ತಾರೆ ಎಂಬುದು ನನ್ನ ಲೆಕ್ಕ.

“ಎಮ್ಮಿ ಪುಸ್ತಕ!” ಎಂದು ಖೋಲಿಯ ಮಾಳಿಗೆ ಹಾರುವಂತೆ ಮಕ್ಕಳು ಕೂಗಿದರು.

ಒಂದಾದರೂ ಮತ ಒಡೆದಿದ್ದರೆ! ನಾನು ಕೆಮ್ಮಿದೆ. “ಆತಾತು. ಬರುವ ಆದಿತವಾರ ಪುಸ್ತಕ ಬರದವರು ಬರ್ಲಿಕ್ಕತ್ತಾರ. ಎಲ್ಲಾರೂ ತಲಿ ಬಾಚ್ಕೊಂಡು ಬರ್ರಿ,” ಎಂದು ಚುನಾವಣೆಯನ್ನು ರದ್ದು ಮಾಡಿದೆ. ಆದರೆ ರದ್ದು ಮಾಡಿದ ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು.

ಆ ವಾರ ನೀಲವ್ವ ಗೋಡೆಯ ಆಚೆಯಿಂದ ಇಣುಕಿ ಕೇಳಿದಳು: “ವೈನಿ, ಬರೋರು ಒಂದೊಂದನ್ನs ನೋಡತಾರೇನ್ರಿ, ಇಲ್ಲಾ ಎಲ್ಲಾ ಕೂಡಿಸಿ ನೋಡತಾರ?”

ಮಕ್ಕಳ ಬಗ್ಗೆ ಈ ತಾಯಿಗೆ ಎಷ್ಟು ಕಾಳಜಿ ಎಂದು ನನಗೆ ಕಣ್ಣು ತುಂಬಿತು. “ಒಂದೊಂದನ್ನs ಮಾತಾಡಸ್ತಾರ ನೀಲವ್ವ. ಪ್ರೀತಿಯ ಮನುಷ್ಯರು.”

“ನಮ್ಮವು ಎರಡ ಅದಾವ್ರಿ. ದೊಡ್ಡದು ಯಾಕೋ ಏನೂ ತಿನ್ನವಲ್ದು. ಸುಮ್ನ ಮಾರಿ ಕೆಳಗ ಹಾಕಿ ನಿಲ್ಲತೈತಿ.”

ದೊಡ್ಡದೆಂದರೆ ಗಂಗಿ. ನಿನ್ನೆ ತಾನೇ ನನ್ನ ಮನೆಯಲ್ಲಿ ಡಬ್ಬಿ ತುಂಬ ಇದ್ದ ಅವಲಕ್ಕಿ ಚೂಡಾ ಖಾಲಿ ಮಾಡಿದ್ದಳು. “ಅದು ನಾಚಿಕಿ, ನೀಲವ್ವ. ನಾಕು ಮಂದ್ಯಾಗ ಬಂದ್ರ ಸರಿ ಹೋಗ್ತದ. ಚೊಕ್ಕ ಮೈ ತೊಳೆದು ಕರಕೊಂಡು ಬಾ.”

“ಹಳ್ಳಕ್ಕ ಒಯ್ದು ತಿಕ್ಕತೇನ್ರಿ.”

“ಹಳ್ಳಕ್ಕ್ಯಾಕ? ಮನ್ಯಾಗs ಬಿಸಿನೀರು ಹಾಕು.”

ನೀಲವ್ವ ಬೆರಗಾದಳು. “ಬಿಸಿನೀರ್ರಿ? ಒದೀತೈತ್ರಿ ಅದು!”

“ಸಣ್ಣವರಿದ್ದಾಗಿಂದs ಶಿಸ್ತು ಕಲಿಸಬೇಕು, ನೀಲವ್ವ. ಒದ್ರ ಎರಡು ಬಿಗಿ,” ಎಂದೆ ನಾನು, ಶಿಕ್ಷಣತಜ್ಞೆಯ ಗಾಂಭೀರ್ಯದಿಂದ.

ಆದಿತವಾರ ಬಂತು. ನಾನು ಇಳಕಲ್ ಸೀರೆ ಉಟ್ಟು, ಬಸಲಿಂಗಪ್ಪನವರು ತಲೆಗೆ ಹೊಸ ಪಟಗಾ ಸುತ್ತಿ, ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದೆವು. ಸಾಹಿತಿಗಳು ಇಳಿದರು. ಕಚ್ಚೆ ಪಂಚೆ, ಕರಿ ಕೋಟು, ಹೆಗಲಿಗೆ ಶಾಲು, ಕಂಕುಳಲ್ಲಿ ದಪ್ಪನೆಯ ಹಾಳೆಗಳ ಸುರುಳಿ. ಅದು ಭಾಷಣ. ಅದರ ಗಾತ್ರ ನೋಡಿಯೇ ಬಸಲಿಂಗಪ್ಪನವರಿಗೆ ಆಕಳಿಕೆ ಬಂತು.

ಓಣಿಯ ತಿರುವಿಗೆ ಬಂದು ನೋಡುತ್ತೇನೆ: ವಾಚನಾಲಯದ ಮುಂದಿನ ಬೇವಿನ ಗಿಡದ ಕೆಳಗೆ ಎಮ್ಮೆಗಳು! ಗಿಡಕ್ಕೆ ಕಟ್ಟಿದ ಎಮ್ಮೆ, ಬೆಂಚಿಗೆ ಕಟ್ಟಿದ ಎಮ್ಮೆ, ಸ್ವಾಗತ ಕಮಾನಿನ ಕಂಬಕ್ಕೆ ಕಟ್ಟಿದ ಎಮ್ಮೆ. ಎಲ್ಲವೂ ಹಳ್ಳದಲ್ಲಿ ಮಿಂದು ಮಿರಿಮಿರಿ ಹೊಳೆಯುತ್ತಿದ್ದವು. ಮಕ್ಕಳು ತಲೆ ಬಾಚಿಕೊಂಡು ನಡುನಡುವೆ ನಿಂತಿದ್ದರು. ಕನ್ನೊಳ್ಳಿ ಹಳ್ಳಿಯಿಂದಲೂ ಜನ ಬಂದಿದ್ದರು.

“ಇವತ್ತ ಊರಾಗ ಸಂತಿ ಏನ್ರಿ?” ಎಂದು ಸಾಹಿತಿಗಳು ಕೇಳಿದರು.

“ಇಲ್ರೀ, ಸಂತಿ...” ಎಂದು ಬಸಲಿಂಗಪ್ಪನವರು ಬಾಯಿ ತೆರೆಯುವುದರೊಳಗೆ ನಾನು, “ಹೌದ್ರಿ, ಭಾರೀ ಸಂತಿ!” ಎಂದೆ. ಮೊದಲ ಸುಳ್ಳು.

ಗಂಗಿಯನ್ನು ಪಕ್ಕಕ್ಕೆ ಎಳೆದು, “ಏನಿದು?” ಎಂದೆ ಹಲ್ಲು ಕಚ್ಚಿ.

“ನೀವs ಅಂದಿದ್ರೆಲ್ರಿ ಅಕ್ಕಾರ, ನಾವು ಆರಿಸಿದ ಪುಸ್ತಕ ಬರದೋರನ್ನ ಕರಸ್ತೇನಿ ಅಂತ! ಎಮ್ಮಿ ಡಾಕ್ಟರು ಬರಾಕತ್ತಾರ ಅಂತ ಎಲ್ಲಾರ ಮನಿಗೂ ಹೇಳಿ ಬಂದೇವ್ರಿ!”

ಅಷ್ಟರಲ್ಲಿ ಜನ ಸಾಹಿತಿಗಳನ್ನು ಸುತ್ತುವರಿದಿದ್ದರು. “ಡಾಕ್ಟರ್ ಸಾಹೇಬ್ರು ಬಂದ್ರು! ಡಾಕ್ಟರ್ ಸಾಹೇಬ್ರು ಬಂದ್ರು!”

ಸಾಹಿತಿಗಳ ಮುಖ ಅರಳಿತು. ನನ್ನ ಕಡೆ ಬಾಗಿ, “ವಿದ್ಯಾಪೀಠದವರು ಇನ್ನೂ ಆ ಪದವಿ ಕೊಟ್ಟಿಲ್ರಿ. ಜನಾನs ಕೊಡ್ಲಿಕ್ಕತ್ತಾರ ನೋಡ್ರಿ!” ಎಂದರು. ಕಣ್ಣಂಚು ಒದ್ದೆಯಾಗಿತ್ತು. ಇಂಥ ಮನುಷ್ಯನಿಗೆ ನಿಜ ಹೇಳುವುದು ಹೇಗೆ? ಹೇಳಲಿಲ್ಲ.

ನೀಲವ್ವ ಮುಂದೆ ಬಂದು ಕೈಮುಗಿದಳು. “ಯಪ್ಪಾ, ಮೂರ ದಿನಾ ಆತ್ರಿ, ಮೆಲುಕು ಹಾಕವಲ್ದು.”

ಸಾಹಿತಿಗಳು ಕ್ಷಣ ಕಣ್ಣು ಮುಚ್ಚಿದರು. “ಎಂಥಾ ಮಾತು ಆಡಿದಿ ತಾಯಿ! ಸಾಹಿತ್ಯವೂ ಮೆಲುಕು ಹಾಕಬೇಕಾದದ್ದೇ. ಇಂದಿನ ಓದುಗರು ನುಂಗುತ್ತಾರೆ, ಮೆಲುಕು ಹಾಕುವುದಿಲ್ಲ.”

ನೀಲವ್ವ ನನ್ನ ಮುಖ ನೋಡಿದಳು. ನಾನು ಬೇವಿನ ಗಿಡ ನೋಡಿದೆ.

ಹೇಗೋ ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಚೆಂಡುಹೂವಿನ ಮಾಲೆ ಹಾಕಿ, ಬೇಗ ಭಾಷಣ ಮುಗಿಸಿಬಿಡೋಣವೆಂದು ಹವಣಿಸಿದೆ. ಆದರೆ ಅವರು ಮಕ್ಕಳ ಸಾಹಿತಿ. ಮಕ್ಕಳೊಡನೆ ಮಾತಾಡದೆ ಬಿಡುವರೇ?

“ಮಕ್ಕಳೇ, ನನ್ನ ಪುಸ್ತಕ ಓದಿದ್ದೀರಾ?”

“ಓದೇವ್ರೀ!” ಗಿಡದ ಗುಬ್ಬಿಗಳೆಲ್ಲ ಹಾರಿಹೋದವು.

“ಬಹಳ ಸಂತೋಷ! ಅದರಲ್ಲಿ ನಿಮಗೆ ಅತ್ಯಂತ ಇಷ್ಟವಾದ ಭಾಗ ಯಾವುದು?”

ಗಂಗಿ ಎದ್ದು ನಿಂತಳು. “ಹೊಟ್ಟಿ ಉಬ್ಬಿ ನೆಲಕ್ಕ ಬೀಳೂದ್ರಿ!”

ಸಾಹಿತಿಗಳ ನಗು ಅರ್ಧಕ್ಕೆ ನಿಂತಿತು. “ಯಾರು? ಶ್ರೀಧರನೇ?”

“ಅಂವಾ ಯಾಕ ಬೀಳ್ತಾನ್ರಿ? ಅಂವಾ ಏನೂ ತಿನ್ನೂದs ಇಲ್ಲ!”

ನನಗೆ ಇನ್ನು ತಡೆಯಲಾಗಲಿಲ್ಲ. ಸೆರಗು ಬಿಗಿದುಕೊಂಡು, ಸಭೆಯ ಮುಂದೆ ನಿಂತು, ಇವರು ಎಮ್ಮೆ ಡಾಕ್ಟರರಲ್ಲ, ತಪ್ಪು ನನ್ನದು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹಿಂದಿನ ಸಾಲಿನಲ್ಲಿ ನಿಂತಿದ್ದ ನಮ್ಮವರು ಹಣೆ ಒತ್ತಿಕೊಂಡರು.

ಕನ್ನೊಳ್ಳಿಯ ಮುದುಕನೊಬ್ಬ ಎದ್ದ. “ಡಾಕ್ಟರಲ್ಲಾ? ಮತ್ತ ಏನ ಮಾಡತಾರ್ರಿ ಇವರು?”

“ಮಕ್ಕಳಿಗೆ ಕಥಿ ಬರೀತಾರ.”

“ಅದು ಸರಿ. ಕೆಲಸಾ ಏನ ಮಾಡತಾರ?”

ಸಾಹಿತಿಗಳು ಭಾಷಣದ ಸುರುಳಿಯನ್ನು ಮಡಿಲಿಗಿಳಿಸಿ ತಲೆ ತಗ್ಗಿಸಿದರು. ಬಸಲಿಂಗಪ್ಪನವರು ಖೋಲಿಯ ಕಡೆ ನೋಡಿದರು. ಅಲ್ಲಿ ಎಷ್ಟು ಚೀಲ ಹಿಡಿಸಬಹುದೆಂದು ಅಳೆಯುತ್ತಿದ್ದರೆಂದು ನನಗೆ ಚೆನ್ನಾಗಿ ತಿಳಿಯಿತು. ನನಗೆ ನಿಜಕ್ಕೂ ಅಳು ಬಂತು. ಮಕ್ಕಳು ಕೂರುತ್ತಿದ್ದ ಆ ತಟ್ಟುಗಳು, ಆ ಗದ್ದಲ, ಎಲ್ಲ ನಾಳೆಯಿಂದ ಇರುವುದಿಲ್ಲ.

ಆಗಲೇ ನೀಲವ್ವನ ಎಮ್ಮೆ ಕತ್ತು ಚಾಚಿತು. ಮೊದಲು ಸಾಹಿತಿಗಳ ಕೊರಳಿನ ಚೆಂಡುಹೂವಿನ ಮಾಲೆ ಎಳೆಯಿತು. ಅವರು ಗಾಬರಿಯಿಂದ ಎದ್ದಾಗ ಮಡಿಲಿನ ಭಾಷಣ ಜಾರಿತು. ಎಮ್ಮೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಮುನ್ನುಡಿಯಿಂದಲೇ ಶುರುಮಾಡಿತು!

“ಹಿಡೀರಿ! ಬಿಡಸ್ರಿ!” ಎಂದು ನಾನು ಕೂಗಿದೆ. ಯಾರೂ ಅಲುಗಲಿಲ್ಲ. ಎಲ್ಲರೂ ಎಮ್ಮೆಯ ಬಾಯನ್ನೇ ನೋಡುತ್ತಿದ್ದರು. ಅದು ನುಂಗಿತು. ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ದವಡೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು.

“ಮೆಲುಕು ಹಾಕಾಕತ್ತೈತಿ!” ಎಂದು ನೀಲವ್ವ ಚೀರಿದಳು. “ನನ್ನ ಎಮ್ಮಿ ಗುಣಾ ಆತು! ಸಾಹೇಬ್ರ ಕಾಗದಾ ತಿಂದು ಗುಣಾ ಆತು!” ಎಂದು ಸಾಹಿತಿಗಳ ಕಾಲಿಗೇ ಬಿದ್ದಳು.

“ನಮ್ಮದಕ್ಕೂ ಒಂದ ಹಾಳಿ ಕೊಡ್ರೀ!” ಎಂದು ಕನ್ನೊಳ್ಳಿಯ ಮುದುಕ ಮುಂದೆ ಬಂದ. ಅವನ ಹಿಂದೆ ಉಳಿದವರು. ಉಳಿದ ಹಾಳೆಗಳೂ ಕೈಗೊಂದರಂತೆ ಹಂಚಿ ಹೋದವು. ಧಾರವಾಡದ ಸಾಹಿತ್ಯಕ್ಕೆ ನಮ್ಮ ತಾಲೂಕಿನಲ್ಲಿ ಅಂಥ ಬೇಡಿಕೆ ಹಿಂದೆ ಬಂದಿರಲಿಲ್ಲ!

ಸಾಹಿತಿಗಳು ಮೆಲ್ಲಗೆ ಕುರ್ಚಿಯ ಮೇಲೆ ಕೂತರು. ಸಿಟ್ಟಾಗುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದರು! ಶಾಲಿನಿಂದ ಕಣ್ಣೊರೆಸಿಕೊಂಡು, “ಆ ಪುಸ್ತಕ ತರ್ರಿ, ನೋಡೋಣ,” ಎಂದರು.

ಗಂಗಿ ಎಮ್ಮೆ ಪುಸ್ತಕ ತಂದು ಅವರ ಕೈಗಿತ್ತಳು. ಅವರು ಕನ್ನಡಕ ಏರಿಸಿ ಓದತೊಡಗಿದರು. ಎಂಥ ಧ್ವನಿ! ಹೊಟ್ಟೆ ಉಬ್ಬರದ ಪ್ರಕರಣಕ್ಕೆ ಬಂದಾಗ ಧ್ವನಿ ತಗ್ಗಿಸಿದರು. ಪಶುವು ನರಳಿದಾಗ ತಾವೂ ನರಳಿದರು. ಮಕ್ಕಳು ಸರಿದು ಸರಿದು ಅವರ ಕಾಲ ಬಳಿ ಬಂದು ಕೂತರು. ದೊಡ್ಡವರು ಹಗ್ಗ ಹಿಡಿದು ನಿಂತಲ್ಲೇ ಕೇಳಿದರು. ಸಂಜೆಯ ಬಿಸಿಲು ಬೇವಿನ ಎಲೆಗಳಿಂದ ಇಳಿದು ಎಮ್ಮೆಗಳ ಬೆನ್ನ ಮೇಲೆ, ಮಕ್ಕಳ ಎಣ್ಣೆ ಹಚ್ಚಿದ ತಲೆಗಳ ಮೇಲೆ ಬಿದ್ದಿತ್ತು. ಗಂಗಿ ತಡೆಯಲಾರದೆ, “ಉಳೀತೈತೇನ್ರಿ?” ಎಂದಳು. ನೂರು ಸಲ ಓದಿದವಳು!

“ಉಳೀತದ, ತಾಳು,” ಎಂದರು ಸಾಹಿತಿಗಳು.

ಓದು ಮುಗಿದು ಚುರುಮುರಿ ಸೂಸಲಾ ತಿನ್ನುವಾಗ ಅವರು ನನಗೆ ಮಾತ್ರ ಕೇಳುವಂತೆ ಹೇಳಿದರು: “ಇಷ್ಟು ವರ್ಷ ಬರದೇನ್ರಿ. ಶ್ರೀಧರ ಉಳೀತಾನೋ ಇಲ್ಲೋ ಅಂತ ಒಬ್ಬ ಹುಡುಗನೂ ನನ್ನ ಕೇಳಿಲ್ಲ ನೋಡ್ರಿ.” ನಾನು ಅವರ ತಾಟಿಗೆ ಇನ್ನೊಂದಿಷ್ಟು ಸೂಸಲಾ ಹಾಕಿದೆ. ನನ್ನ ಬಿ.ಎ.ಗೆ ಅಷ್ಟೇ ಹೊಳೆಯಿತು.

ಹೊರಡುವ ಮುನ್ನ ಅವರು ಎದ್ದು ನಿಂತು, ಇಂಥ ವಾಚನಾಲಯವನ್ನು ಎಲ್ಲೂ ನೋಡಿಲ್ಲ ಎಂದು ನಾಲ್ಕು ಮಂದಿಯ ಮುಂದೆ ಸಾರಿದರು. ಅದು ಅಕ್ಷರಶಃ ನಿಜವಾಗಿತ್ತು. ನಾನು ಬಸಲಿಂಗಪ್ಪನವರತ್ತ ತಿರುಗಿದೆ. ಅವರು ಅಲ್ಲಿ ಇರಲೇ ಇಲ್ಲ! ಅಂಗಡಿಯಲ್ಲಿ ಬೆವರು ಸುರಿಸುತ್ತ ಹಿಂಡಿ ತೂಗುತ್ತಿದ್ದರು. ಎಮ್ಮೆ ಹೊಡೆದುಕೊಂಡು ಅಷ್ಟು ದೂರ ಬಂದವರು ಬರಿಗೈಲಿ ಮರಳುವರೇ? ಪುಸ್ತಕದಲ್ಲಿ ಹಿಂಡಿಯ ಮಹಿಮೆ ಬೇರೆ ಕೇಳಿದ್ದರು. ಕತ್ತಲಾಗುವ ಹೊತ್ತಿಗೆ ಮಾಲೆಲ್ಲ ಖಾಲಿ.

“ವೈನಿ,” ಎಂದರು ಬಸಲಿಂಗಪ್ಪನವರು, ಪಟಗಾದಿಂದ ಮುಖ ಒರೆಸಿಕೊಳ್ಳುತ್ತ. “ಸಾಹಿತ್ಯ ಅಂದ್ರ ಇಷ್ಟ ಛಲೋ ಇರತೈತಿ ಅಂತ ಗೊತ್ತಿರಲಿಲ್ರಿ. ಖೋಲಿ ನಿಮ್ಮದು. ತಿಂಗಳಿಗೊಮ್ಮಿ ಇಂಥವರನ್ನ ಕರಸ್ರಿ!”

ಗೆದ್ದೆನೆಂದು ಬೀಗುತ್ತ ಮರುದಿನ ಸಂಜೆ ವಾಚನಾಲಯದ ಬಾಗಿಲು ತೆರೆದೆ. ಮಕ್ಕಳು ನುಗ್ಗಿದರು. ಗಂಗಿ ಕೆಳಗಿನ ಅರೆಗೆ ಕೈಹಾಕಿ, ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು.

“ಅಕ್ಕಾರ, ಎಮ್ಮಿ ಪುಸ್ತಕ ಎಲ್ಲಿ?”

ಸಾಹಿತಿಗಳು ಬಸ್ಸಿನಲ್ಲಿ ಓದಲೆಂದು ಕೇಳಿದ್ದರು. ನಾನು ಹೆಮ್ಮೆಯಿಂದ ಕೊಟ್ಟಿದ್ದೆ. ಅದು ಮರಳಿ ಬರಲಿಲ್ಲ. ಬದಲಾಗಿ ಅವರು ಕೊಟ್ಟು ಹೋದದ್ದು ಸದ್ಗುಣಿ ಶ್ರೀಧರನ ಹೊಸ ಭಾಗಗಳು. ಅವನ್ನು ಮಕ್ಕಳ ಮುಂದೆ ಚಾಚಿದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಸಣ್ಣದೊಂದು ಅಳಲಿಕ್ಕೇ ಶುರುಮಾಡಿತು.

ಬೇರೆ ದಾರಿ ಇರಲಿಲ್ಲ. ತಟ್ಟಿನ ಮೇಲೆ ಅವರ ನಡುವೆ ಕೂತು, ಕಣ್ಣು ಮುಚ್ಚಿ ಶುರುಮಾಡಿದೆ: “ಎಡಹೊಟ್ಟೆಯು ಉಬ್ಬತೊಡಗುತ್ತದೆ. ಪಶುವು ನರಳುತ್ತದೆ...” ಆಶ್ಚರ್ಯ! ಒಂದಕ್ಷರ ತಪ್ಪದೆ ಬರುತ್ತಿತ್ತು. ಬಿ.ಎ. ಪರೀಕ್ಷೆಗೆ ಕೂಡ ನಾನು ಹೀಗೆ ಬಾಯಿಪಾಠ ಮಾಡಿರಲಿಲ್ಲ. ಧ್ವನಿ ತಗ್ಗಿಸುವಲ್ಲಿ ತಗ್ಗಿಸಿದೆ. ನರಳುವಲ್ಲಿ ನರಳಿದೆ.

ಸಾಲಿಯಿಂದ ಮರಳುತ್ತಿದ್ದ ನಮ್ಮವರು ನನ್ನ ನರಳಾಟ ಕೇಳಿ ಸೈಕಲ್ ಅಲ್ಲೇ ಎಸೆದು ಓಡಿ ಬಂದರು.

“ಏನಾತು? ಯಾರ ಹೊಟ್ಟಿ ಉಬ್ಬ್ಯದ?”

“ಶ್!” ಎಂದೆ ನಾನು, ಸಿಟ್ಟಿನಿಂದ. “ಸುಮ್ನ ಕೂಡ್ರಿ. ಈಗ ಉಳೀತದೋ ಇಲ್ಲೋ ಗೊತ್ತಾಗೋದದ!”

ಅವರು ಚಪ್ಪಲಿ ಕಳಚಿ ಗಂಗಿಯ ಪಕ್ಕ ಕೂತುಬಿಟ್ಟರು.